ಡಾಂಬರಿಗೆ ಬಣ್ಣದ ವೇಷ

ಸಿಡ್ನಿಯಲ್ಲಿ ಬಸ್ಸಿಗೆಂದು ಮೀಸಲಿಟ್ಟ ಪಥಕ್ಕೆ ಕೆಂಪು ಬಳಿದಿರುತ್ತಾರೆ. ಕೆಂಪೆಂದ ಮೇಲೆ ಉಳಿದವರು ಕಾಲಿಡಬಾರದು ಅಂತ ತಾನೇ ಅರ್ಥ? ಹಾಗಂದುಕೊಂಡಿದ್ದರೆ ನೀವು ಊರಿಗೆ ಹೊಸಬರು. ಬಸ್ಸಿನ ಹಿಂದೆ ಟ್ಯಾಕ್ಸಿ ಹೋಗಬಹುದು. ಬಾಡಿಗೆಯ ಐಷಾರಾಮಿ ಕಾರು ಹೋಗಬಹುದು. ಮೊಬೈಲಿನಲ್ಲಿ ಕರೆಸಿಕೊಂಡ ಊಬರ್ ಮಾತ್ರ ಹೋಗಕೂಡದು. ಮೋಟರ್‌ಸೈಕಲ್ಲು, ಸೈಕಲ್ಲು, ಆಂಬುಲೆನ್ಸು, ಪೊಲೀಸು ಎಲ್ಲರಿಗೂ ಸ್ವಾಗತ. ಮುಂದೆ ತಿರುಗಬೇಕಾದ ಯಾವ ಕಾರಿಗಾದರೂ ನೂರು ಮೀಟರಿನವರೆಗೆ ಮಾಫಿ. ಕೆಲವು ರಸ್ತೆಗಳಲ್ಲಂತೂ ಈ ಮೀಸಲಾತಿ ಕಚೇರಿ ಹೊತ್ತಿಗಷ್ಟೇ. ಮಿಕ್ಕ ಹೊತ್ತು ಅದೇ ಕೆಂಪಿನ ಮೇಲೆ ಕಾರು ನಿಲ್ಲಿಸಿ ಕಾಫಿಗೆ ಹೋಗಬಹುದು. ಹಾಗಾದರೆ ಬಸ್ಸೊಂದೇ ಓಡಾಡುವ ಪಥ ಬೇಕೆಂದರೆ? ಅದಕ್ಕೆ ಬೇರೆಯೇ ಪಥ, ಬೇರೆಯೇ ಬೋರ್ಡು: 'ಬಸ್ ಓನ್ಲಿ'. ಅಂದರೆ ಕೆಂಪು ಬಳಿದದ್ದು ಬಸ್ಸಿಗಾಗಿ, ಬೋರ್ಡು ಹಾಕಿದ್ದು ನಿಜವಾಗಿಯೂ ಬಸ್ಸಿಗಾಗಿ.

ಮೆಲ್ಬರ್ನಿನ ಹಸಿರು ಇದಕ್ಕಿಂತ ಪ್ರಾಮಾಣಿಕ. ಅಲ್ಲಿ ಸೈಕಲ್ ಪಥಕ್ಕೆ ಹಸಿರು ಬಳಿಯುವುದು ಹೆಚ್ಚಾಗಿ ಅಪಾಯ ಇರುವಲ್ಲಿ: ಕಾರುಗಳು ಅಡ್ಡ ಹಾಯುವ ಜಾಗ, ಸಿಗ್ನಲ್ಲಿನ ಹತ್ತಿರ, ಎಡತಿರುವಿನ ಬಾಯಿ. ಪಥ ಸುರಕ್ಷಿತವಾಗಿದ್ದಷ್ಟು ದೂರ ಕಪ್ಪು. ಲಾರಿಯ ಮೂತಿ ನಿಮ್ಮ ಮೊಣಕಾಲಿನ ಪಕ್ಕ ಬರುವ ಜಾಗ ಶುರುವಾದ ಕೂಡಲೇ ಹಸಿರು. ನಮ್ಮ ಕಡೆ ಘಾಟಿಯ ತಿರುವಿನಲ್ಲಿ ಗುಡಿಯೊಂದು ಕಂಡರೆ ಡ್ರೈವರ್ ಕೈಮುಗಿಯುವುದಿಲ್ಲವೇ, ಆ ಕೆಲಸವನ್ನು ಅಲ್ಲಿ ಹಸಿರು ಬಣ್ಣ ಮಾಡುತ್ತದೆ.

ಜಾಗ ಬಿಟ್ಟುಕೊಡಲು ಮನಸ್ಸಿಲ್ಲದ ಸರ್ಕಾರ ಬಣ್ಣ ಕೊಡುತ್ತದೆ. ಕಾರಿನವನಿಂದ ಒಂದಡಿ ಕಸಿದರೆ ಓಟು ಹೋಗುತ್ತದೆ. ಅದೇ ಒಂದಡಿಗೆ ಬಣ್ಣ ಹಚ್ಚಿದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಇಲಾಖೆಗಳಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು. ನ್ಯೂ ಸೌತ್ ವೇಲ್ಸ್‌ನ ರಸ್ತೆ ಇಲಾಖೆ 2011ರವರೆಗೆ ಆರ್‌ಟಿಎ ಆಗಿತ್ತು, ಆಮೇಲೆ ಆರ್‌ಎಂಎಸ್ ಆಯಿತು, 2019ರಲ್ಲಿ ಟ್ರಾನ್ಸ್‌ಪೋರ್ಟ್ ಫಾರ್ ಎನ್‌ಎಸ್‌ಡಬ್ಲ್ಯುನೊಳಗೆ ಲೀನವಾಯಿತು. ಆರ್‌ಟಿಎ ಕಾಲದ ಗುಂಡಿ ಹೆಸರು ಬದಲಾದ ಮಾತ್ರಕ್ಕೆ ಮುಚ್ಚಿಕೊಳ್ಳಲಿಲ್ಲ. ಲೆಟರ್‌ಹೆಡ್ ಮಾತ್ರ ಹೊಸದಾಯಿತು.

ಬಣ್ಣ ಹಚ್ಚುವುದರಲ್ಲಿ ಇಷ್ಟು ಉತ್ಸಾಹ ಇರುವವರಿಗೆ ಅಳಿಸುವುದರಲ್ಲೂ ಉತ್ಸಾಹ ಇರಬೇಕಲ್ಲ. 2013ರಲ್ಲಿ ಸಲಿಂಗಿಗಳ ಮಾರ್ಡಿ ಗ್ರಾ ಹಬ್ಬದ 35ನೇ ವರ್ಷಕ್ಕೆಂದು ಸಿಡ್ನಿ ನಗರಾಡಳಿತ ಟೇಲರ್ ಸ್ಕ್ವೇರ್ ಬಳಿ ಆಕ್ಸ್‌ಫರ್ಡ್ ಸ್ಟ್ರೀಟ್ ದಾಟುವ ಜಾಗಕ್ಕೆ ಕಾಮನಬಿಲ್ಲಿನ ಬಣ್ಣ ಬಳಿಸಿತು. ಜನ ಬಂದರು, ಕೂತರು, ಮಲಗಿದರು, ಫೋಟೊ ತೆಗೆಸಿಕೊಂಡರು. ರಾಜ್ಯದ ರಸ್ತೆ ಮಂತ್ರಿ ಡಂಕನ್ ಗೇ ಅವರ ಇಲಾಖೆಗೆ ಅದರಲ್ಲಿ ಅಪಾಯ ಕಂಡಿತು. ಜನ ರಸ್ತೆಯನ್ನು ಇಷ್ಟಪಡುವುದಕ್ಕಿಂತ ದೊಡ್ಡ ಅಪಾಯ ರಸ್ತೆ ಇಲಾಖೆಗೆ ಬೇರೆ ಯಾವುದಿದೆ? ಏಪ್ರಿಲ್‌ನ ಒಂದು ರಾತ್ರಿ, ಊರು ಮಲಗಿದ್ದಾಗ, ಯಂತ್ರಗಳು ಬಂದು ಕಾಮನಬಿಲ್ಲನ್ನು ಕಿತ್ತುಹಾಕಿದವು. ಬೆಳಿಗ್ಗೆ ಎದ್ದು ನೋಡಿದರೆ ಕಪ್ಪು. ಜನ ಸಿಟ್ಟಾಗಿ ಸೀಮೆಸುಣ್ಣ ತಂದು ಮನೆ ಮುಂದೆ, ಗಲ್ಲಿಯಲ್ಲಿ, ಪರದೇಶಗಳಲ್ಲಿ ಕೂಡ ಕಾಮನಬಿಲ್ಲು ಬಿಡಿಸತೊಡಗಿದರು. ನಮ್ಮ ಹೆಂಗಸರು ದಿನಾ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿ, ಯಾರಪ್ಪಣೆಯೂ ಕೇಳದೆ ಮಾಡಿಕೊಂಡು ಬಂದ ಕೆಲಸ ಅಲ್ಲಿ ಚಳವಳಿಯಾಯಿತು. ಕಡೆಗೆ 2019ರಲ್ಲಿ ಪಕ್ಕದ ಬರ್ಕ್ ಸ್ಟ್ರೀಟ್ ಮತ್ತು ಕ್ಯಾಂಬೆಲ್ ಸ್ಟ್ರೀಟ್ ಕೂಡುವಲ್ಲಿ ಮತ್ತೊಂದು ಕಾಮನಬಿಲ್ಲು ಬಂತು. ಆರು ವರ್ಷ ತಡವಾಗಿ, ತುಸು ಪಕ್ಕಕ್ಕೆ. ಸರ್ಕಾರಿ ಪಶ್ಚಾತ್ತಾಪ ಎಲ್ಲಾ ಕಡೆಯೂ ಇದೇ ಅಳತೆಯಲ್ಲಿ ಸಿಗುತ್ತದೆ.

ಅದೇ ಮಂತ್ರಿಗಳ ಕಾಲದಲ್ಲಿಯೇ ಕಾಲೇಜ್ ಸ್ಟ್ರೀಟಿನ ಸೈಕಲ್ ಪಥವೂ ಹೋಯಿತು. 2010ರಲ್ಲಿ ಕಟ್ಟಿದ್ದು, 2015ರಲ್ಲಿ ಕಿತ್ತದ್ದು. ಕಟ್ಟಿದ್ದು ನಗರಾಡಳಿತ, ಕಿತ್ತದ್ದು ರಾಜ್ಯ. ಎರಡಕ್ಕೂ ದುಡ್ಡು ಕೊಟ್ಟವರು ಒಬ್ಬರೇ. ಅವರ ಹೆಸರನ್ನು ಶಂಕುಸ್ಥಾಪನೆಯ ಕಲ್ಲಿನಲ್ಲಿ ಕೆತ್ತುವ ಪದ್ಧತಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಮೆಲ್ಬರ್ನ್ ನಕ್ಕೀತು, ಅದಕ್ಕೂ ಒಂದು ಮಾತು ಇರಲಿ. 1980ರಲ್ಲಿ ಅಲ್ಲಿನ ಸಿಟಿ ಸ್ಕ್ವೇರಿನಲ್ಲಿ 'ವಾಲ್ಟ್' ಎಂಬ ಹಳದಿ ಉಕ್ಕಿನ ಶಿಲ್ಪ ನಿಲ್ಲಿಸಿ, ಅದರ ಹಳದಿಯನ್ನು ನೋಡಲಾರದೆ 'ಯೆಲ್ಲೋ ಪೆರಿಲ್' ಎಂದು ಅಡ್ಡಹೆಸರಿಟ್ಟು, ಮರುವರ್ಷವೇ ಬಿಚ್ಚಿ ನದಿ ಬದಿಗೆ ಅಟ್ಟಿದ ಊರು ಅದು. ಅದೇ ಊರು ಇಂದು ವಿಮಾನ ನಿಲ್ದಾಣದಿಂದ ಬರುವ ಹೆದ್ದಾರಿಯ ಮೇಲೆ ದೈತ್ಯಗಾತ್ರದ ಹಳದಿ ತೊಲೆಯನ್ನು ಓರೆಯಾಗಿ ಚಾಚಿಕೊಂಡು, ಅದಕ್ಕೆ 'ಚೀಸ್ ಸ್ಟಿಕ್' ಎಂದು ಪ್ರೀತಿಯ ಹೆಸರಿಟ್ಟುಕೊಂಡಿದೆ. ಹಳದಿ ನೆಲದಲ್ಲಿದ್ದರೆ ಗಂಡಾಂತರ, ತಲೆಯ ಮೇಲಿದ್ದರೆ ತಿಂಡಿ.

ಇರಲಿ. ಮಂತ್ರಿ, ಮೇಯರ್, ವಾಸ್ತುಶಿಲ್ಪಿ ಎಲ್ಲರಿಗಿಂತ ಮೊಂಡ ಆಸಾಮಿ ಇನ್ನೊಬ್ಬನಿದ್ದಾನೆ: ಡಾಂಬರು.

ರಸ್ತೆಯ ಮೇಲ್ಪದರದಲ್ಲಿ ತೂಕಕ್ಕೆ ಹಾಕಿದರೆ ನೂರಕ್ಕೆ ತೊಂಬತ್ತೈದು ಪಾಲು ಜಲ್ಲಿ, ಮರಳು, ಕಲ್ಲುಪುಡಿ. ಡಾಂಬರು ಸುಮಾರು ಐದೇ ಪಾಲು. ಆದರೆ ಬಣ್ಣ ಯಾರದ್ದು? ಆ ಐದರದ್ದು. ಪ್ರಜಾಪ್ರಭುತ್ವವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ಈ ಐದು ಪಾಲಿನ ಬಾಯಿ ಮುಚ್ಚಿಸಲು ಟನ್ನಿಗೆ ಹತ್ತಾರು ಕಿಲೋ ರೆಡ್ ಆಕ್ಸೈಡ್ ಸುರಿಯುತ್ತಾರೆ. ಹೌದು, ಮೈಸೂರಿನ ಹಳೇ ಮನೆಗಳ ಹಜಾರದಲ್ಲಿ ಅಜ್ಜಿಯರು ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಮಾಡಿದ ಕೆಂಪು ನೆಲದ ಅದೇ ರೆಡ್ ಆಕ್ಸೈಡ್. ಅಲ್ಲಿ ಅದು ಸಿಮೆಂಟಿನ ಜೊತೆ ಸೇರಿ ಲಕಲಕ ಹೊಳೆಯಿತು. ಇಲ್ಲಿ ಡಾಂಬರಿನ ಜೊತೆ ಸೇರಿದಾಗ ಹೊರಡುವುದು ಕೆಂಪಲ್ಲ. ಹಳೇ ಇಟ್ಟಿಗೆಯ ಕಂದು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ 'ದಿ ಮಾಲ್' ರಸ್ತೆ ರಾಣಿಗೆ ಹಾಸಿದ ಕೆಂಪು ಜಮಖಾನೆಯಂತೆ ಕಾಣಲೆಂದು ಕಬ್ಬಿಣದ ಆಕ್ಸೈಡಿನಿಂದಲೇ ಕೆಂಪಾದದ್ದು. ಆದರೆ ಅಲ್ಲಿ ಮೆರವಣಿಗೆಯ ಕುದುರೆಗಳಿವೆ, ರಸ್ತೆಯನ್ನು ಒರೆಸಿ ಇಡಲು ಒಂದು ಸಾಮ್ರಾಜ್ಯದ ಅಭ್ಯಾಸವಿದೆ.

ಕೆಂಪು ಬಿಟ್ಟು ಹಸಿರೋ ಹಳದಿಯೋ ನೀಲಿಯೋ ಬೇಕೆಂದರೆ ಡಾಂಬರನ್ನೇ ಮನೆಯಿಂದ ಹೊರಗೆ ಹಾಕಬೇಕು. ಅದರ ಜಾಗದಲ್ಲಿ ಜೇನಿನ ಬಣ್ಣದ, ಕಾರ್ಖಾನೆಯಲ್ಲಿ ತಯಾರಾದ ಅಂಟು ಬರುತ್ತದೆ. ಅದರ ಬೆಲೆ ಕೇಳಿದ ಕೌನ್ಸಿಲ್ಲಿನವರು ತಕ್ಷಣ ಕಪ್ಪಿನ ಸೌಂದರ್ಯವನ್ನು ಹೊಗಳಲು ತೊಡಗುತ್ತಾರೆ. ಬೆಲೆ ಕೊಟ್ಟರೂ ತೊಂದರೆ ಅಲ್ಲಿಗೆ ಮುಗಿಯದು. ಡಾಂಬರು ಮಿಶ್ರಣದ ಘಟಕ ಗಂಟೆಗೆ ನೂರಾರು ಟನ್ ಕಪ್ಪು ಕಾರುವ ದೈತ್ಯ. ಅದರಲ್ಲಿ ಇಪ್ಪತ್ತು ಟನ್ ಹಸಿರು ಮಾಡಿಕೊಡಿ ಅನ್ನುವುದು, ಬೆಳ್ಳುಳ್ಳಿ ಖಾರ ಅರೆದ ಒರಳಲ್ಲೇ ಪಾಯಸಕ್ಕೆ ಗೋಡಂಬಿ ಅರೆದುಕೊಡು ಅಂದ ಹಾಗೆ. ಮಿಕ್ಸರು ತೊಳೆಯಬೇಕು, ಶುದ್ಧ ಜಲ್ಲಿ ಸುರಿದು ತಿರುಗಿಸಿ ತಿರುಗಿಸಿ ಚೆಲ್ಲಬೇಕು, ಲಾರಿಯ ತೊಟ್ಟಿ ಕೆರೆಯಬೇಕು, ಹಾಸುವ ಯಂತ್ರ ಉಜ್ಜಬೇಕು, ರೋಲರಿನ ಚಕ್ರ ಒರೆಸಬೇಕು. ಇಷ್ಟಾದರೂ ಮೊದಲ ಲೋಡು ಕೊಳಕು ಬಣ್ಣದಲ್ಲಿ ಇಳಿದರೆ ಅದು ಗುತ್ತಿಗೆದಾರನ ಲೆಕ್ಕಕ್ಕೆ.

ಎಲ್ಲವೂ ಸರಿಯಾಯಿತು ಎಂದೇ ಇಟ್ಟುಕೊಳ್ಳಿ. ಹೊಸ ಪದರ ಹಳೆಯದಕ್ಕೆ ಕಚ್ಚಿಕೊಳ್ಳಲೆಂದು ಮೊದಲು ತೆಳ್ಳಗೆ ಡಾಂಬರು ಚಿಮುಕಿಸಿರುತ್ತಾರೆ. ಅದು ಕಪ್ಪು. ಅದರ ಮೇಲೆ ಹೋದ ಲಾರಿಯ ಗಾಲಿ ಹಿಂದೆ ಬರುವಾಗ ಹೊಚ್ಚಹೊಸ ಹಸಿರಿನ ಮೇಲೆ ಎರಡು ಕಪ್ಪು ಗೀಟು ಎಳೆದು ಹೋಗುತ್ತದೆ. ಕಟ್ಟಡಕ್ಕೆ ದೃಷ್ಟಿಬೊಂಬೆ ಕಟ್ಟುವ ನಮ್ಮವರು ಇದನ್ನು ದೃಷ್ಟಿಬೊಟ್ಟು ಎಂದು ಬಿಡುತ್ತಿದ್ದರು. ಅಲ್ಲಿನ ಇಂಜಿನಿಯರಿಗೆ ಆ ಸೌಲಭ್ಯವಿಲ್ಲ. ಅವನು ವರದಿ ಬರೆಯಬೇಕು.

ಆಮೇಲೆ ಕಲ್ಲು. ಮೆಲ್ಬರ್ನಿನ ಪಶ್ಚಿಮಕ್ಕೆ ಹಬ್ಬಿರುವುದು ಜ್ವಾಲಾಮುಖಿಯ ಬಸಾಲ್ಟ್ ಬಯಲು. ಗಲ್ಲಿಗಳಿಗೆ ಹಾಸಿದ, ಊರು ಹೆಮ್ಮೆಪಡುವ 'ಬ್ಲೂಸ್ಟೋನ್' ಅದೇ. ಸಿಡ್ನಿಗೆ ಬೇಕಾದ ಗಟ್ಟಿ ಜಲ್ಲಿಯಲ್ಲಿ ಒಂದಷ್ಟು ಕಯಾಮದ ಕಡೆಯಿಂದ ಬರುವ ಲ್ಯಾಟೈಟ್. ಅದೂ ಕರಿಯ ಕಲ್ಲೇ. ಗಾಲಿ ಉಜ್ಜಿ ಉಜ್ಜಿ ಮೇಲಿನ ಅಂಟು ಸವೆದ ದಿನ ಹಸಿರಿನೊಳಗಿಂದ ಕರಿಗಲ್ಲು ಇಣುಕುತ್ತದೆ. ಬಣ್ಣ ಬಯಲಾಗುವುದು ಎಂದರೆ ಇದೇ. ತಪ್ಪಿಸಬೇಕೆಂದರೆ ತಿಳಿಬಣ್ಣದ ಕಲ್ಲನ್ನು ದೂರದಿಂದ ತರಿಸಬೇಕು. ಕಲ್ಲಿನ ನಾಡಿಗೆ ಕಲ್ಲು ಹೊರುವ ಟೆಂಡರಿಗೆ ಯಾರಾದರೂ ಬೇಡ ಅಂದಾರೆಯೇ!

ಹೀಗಾಗಿ ಬಹುತೇಕ ಕಡೆ ಮಾಡುವುದು ಮೇಲುಸಾರಿಕೆ. ಕಪ್ಪು ರಸ್ತೆಯ ಮೇಲೆ ಕೆಲವೇ ಮಿಲಿಮೀಟರ್ ರಾಳ ಸವರಿ, ಟೈರು ಜಾರದಂತೆ ಬಾಕ್ಸೈಟಿನಂಥ ಗಟ್ಟಿ ಹರಳು ಉದುರಿಸಿ, ಬಣ್ಣದ ರಸ್ತೆ ಎನ್ನುತ್ತಾರೆ. ಇದಕ್ಕೆ ನೆಲ ಒಣಗಿರಬೇಕು, ಬೆಚ್ಚಗಿರಬೇಕು, ಧೂಳಿರಬಾರದು. ಡಾಂಬರು ಹೊಸದಾಗಿದ್ದರೆ ಅದರ ಎಣ್ಣೆ ಆರುವವರೆಗೆ ವಾರಗಟ್ಟಲೆ ಕಾಯಬೇಕು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಳೆ, ಸಂಜೆ ಚಳಿ ಎನ್ನುವ ಮೆಲ್ಬರ್ನಿನಲ್ಲಿ, ಅದೂ ವಾಹನ ಕಡಿಮೆಯಿರುವ ರಾತ್ರಿಯೇ ಕೆಲಸ ಮುಗಿಸಬೇಕಾದವನು ಮುಹೂರ್ತ ಹುಡುಕಲು ಒಂಟಿಕೊಪ್ಪಲ್ ಪಂಚಾಂಗವನ್ನೇ ತರಿಸಿಕೊಳ್ಳುವುದು ಒಳ್ಳೆಯದು.

ಈಗ ಬಿಳಿಯ ಕತೆ. 2020ರ ಜನವರಿ 4ರಂದು ಸಿಡ್ನಿಯ ಪಶ್ಚಿಮದ ಪೆನ್‌ರಿತ್‌ನಲ್ಲಿ ಬಿಸಿಲು 48.9 ಡಿಗ್ರಿ ಮುಟ್ಟಿತು. ಅಂಥ ದಿನ ಕಪ್ಪು ರಸ್ತೆಯ ಮೈ ಅರವತ್ತು ಡಿಗ್ರಿ ದಾಟುವುದು ಸಹಜ. ಪರಮಟ್ಟ, ಬ್ಲ್ಯಾಕ್‌ಟೌನ್, ಕ್ಯಾಂಬೆಲ್‌ಟೌನ್ ಕೌನ್ಸಿಲ್ಲುಗಳು ಕೆಲವು ಬೀದಿಗಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ತಿಳಿಬಣ್ಣದ ಲೇಪ ಹಚ್ಚಿ ನೋಡಿದವು. (ಬ್ಲ್ಯಾಕ್‌ಟೌನ್ ಎಂಬ ಹೆಸರಿನ ಊರು ತನ್ನ ರಸ್ತೆಯ ಕಪ್ಪನ್ನು ತೆಗೆಯಲು ಹೊರಟಿದ್ದನ್ನು ನಾನು ಸುಮ್ಮನೆ ದಾಟಿಹೋಗುತ್ತೇನೆ.) ರಸ್ತೆಯ ಮೈಯೇನೋ ತಂಪಾಯಿತು, ಮೇಲಿನ ಗಾಳಿಗೆ ಆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ. ಹಿಂದಕ್ಕೆಸೆದ ಬಿಸಿಲು ಎಲ್ಲಿಗೆ ಹೋಗಬೇಕು? ಲಾಸ್ ಏಂಜಲೀಸಿನ ಇಂಥದೇ ರಸ್ತೆಗಳ ಮೇಲೆ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಹೇಳಿತು: ನಡೆದು ಹೋಗುವವನ ಮೈಮೇಲೆ. ಮಧ್ಯಾಹ್ನದಲ್ಲಿ ಅವನಿಗೆ ತಟ್ಟುವ ವಿಕಿರಣದ ಶಾಖ ಸುಮಾರು 4 ಡಿಗ್ರಿ ಹೆಚ್ಚಾಗಿತ್ತು. ರಸ್ತೆ ತಂಪು, ಪಾದಚಾರಿ ಬಿಸಿ. ಕತಾರಿನವರು 2019ರಲ್ಲಿ ದೋಹಾದ ಒಂದು ರಸ್ತೆಗೆ ನೀಲಿ ಬಳಿದು ಪರೀಕ್ಷೆಗಿಟ್ಟರು. ಅಲ್ಲಿನ ಬಿಸಿಲಲ್ಲಿ ನಡೆಯುವವರೇ ಅಪರೂಪವಾದ್ದರಿಂದ ಆ ಕಡೆಯಿಂದ ದೂರು ಬರುವ ಭಯವಿಲ್ಲ.

ಬೀದಿಯನ್ನು ಬೆಳ್ಳಗಾಗಿಸುವ ಈ ಪ್ರಯೋಗದ ಎರಡೂ ಬದಿಗೆ ನಮ್ಮವರ ಮನೆಗಳಿವೆ. ಸಿಡ್ನಿಯ ದ ಪಾಂಡ್ಸ್ ಆಗಲಿ, ಮೆಲ್ಬರ್ನಿನ ಟಾರ್ನೀಟ್ ಆಗಲಿ, ಹೊಸ ಬಡಾವಣೆಯ ಚಾವಣಿಗಳತ್ತ ತಲೆಯೆತ್ತಿ ನೋಡಿ: ಕಪ್ಪಿಗೆ ಕಪ್ಪು. 'ಮಾನ್ಯುಮೆಂಟ್' ಎಂಬ ಹೆಸರಿನ ಇದ್ದಿಲು ಬಣ್ಣದ ತಗಡು ಹಾಕಿಸದಿದ್ದರೆ ಗೃಹಪ್ರವೇಶಕ್ಕೆ ಬಂದವರು ಏನೆಂದುಕೊಂಡಾರು! ಒಳಗೆ ಏಸಿ ಭೋರ್ಗರೆಯುತ್ತದೆ, ಹೊರಗೆ ಕೌನ್ಸಿಲ್ಲು ರಸ್ತೆಗೆ ಬಿಳಿ ಹಚ್ಚುತ್ತದೆ. 2021ರಲ್ಲಿ ನ್ಯೂ ಸೌತ್ ವೇಲ್ಸ್‌ನ ಯೋಜನಾ ಮಂತ್ರಿ ರಾಬ್ ಸ್ಟೋಕ್ಸ್ ಕಪ್ಪು ಚಾವಣಿಗೆ ಕಡಿವಾಣ ಹಾಕಲು ಹೊರಟರು. ಅವರ ಖಾತೆಗೆ ಬಂದ ಆಂಟನಿ ರಾಬರ್ಟ್ಸ್ 2022ರಲ್ಲಿ ಅದನ್ನು ಕೈಬಿಟ್ಟರು. ಇನ್ನು ಹಲವು ಬಡಾವಣೆಗಳ ನಿಯಮಾವಳಿಯ ಪ್ರಕಾರ ಮನೆ ಮುಂದೆ ಕಾರು ಏರುವ ದಾರಿ ಬರೀ ಬೂದು ಸಿಮೆಂಟಿನದ್ದಾಗಿರಕೂಡದು, ಬಣ್ಣ ಬೆರೆಸಿರಬೇಕು. ಅಂದರೆ ನೆತ್ತಿ ಸುಡುವ ಚಾವಣಿಯ ಬಣ್ಣ ಮಾಲೀಕನ ಸ್ವಾತಂತ್ರ್ಯ, ಟೈರು ಮುಟ್ಟುವ ನೆಲದ ಬಣ್ಣ ಬಡಾವಣೆಯ ಮರ್ಯಾದೆ.

ಇಷ್ಟೆಲ್ಲ ಸಾಹಸದಿಂದ ಒಂದು ರಸ್ತೆ ಕೆಂಪೋ ಹಸಿರೋ ಆಗಿ ನಾಲ್ಕು ದಿನ ಮೆರೆಯುತ್ತಿರುವಾಗ ನೀರಿನವರು ಬರುತ್ತಾರೆ. ಅವರ ಹಿಂದೆ ಗ್ಯಾಸಿನವರು, ಅವರ ಹಿಂದೆ ಇಂಟರ್ನೆಟ್ಟಿನವರು. ಆಸ್ಟ್ರೇಲಿಯಾದಲ್ಲಿ ಅಗೆಯುವ ಮೊದಲು ಕೇಳಿಕೊಳ್ಳಲು ರಾಷ್ಟ್ರಮಟ್ಟದ ವ್ಯವಸ್ಥೆಯೇ ಇದೆ. ನೆಲದೊಳಗೆ ಯಾವ ಪೈಪಿದೆ ಎಂದು ಹೇಳುತ್ತದೆ. ನೆಲದ ಮೇಲೆ ಯಾವ ಬಣ್ಣವಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಚಚ್ಚೌಕವಾಗಿ, ಅಚ್ಚುಕಟ್ಟಾಗಿ ಕೊರೆಯುತ್ತಾರೆ. ಅಷ್ಟೇ ಅಚ್ಚುಕಟ್ಟಾಗಿ ಮುಚ್ಚುತ್ತಾರೆ, ಕಪ್ಪು ಡಾಂಬರಿನಿಂದ. ಒಂದು ಚದರ ಮೀಟರ್ ಕೆಂಪಿಗಾಗಿ ಯಾವ ಘಟಕ ತನ್ನ ಮಿಕ್ಸರು ತೊಳೆದೀತು? ಐದಾರು ತೇಪೆ ಬಿದ್ದ ಮೇಲೆ ಬಸ್ಸಿನ ಪಥ ಚೌಕಾಬಾರದ ಮನೆಯಾಗುತ್ತದೆ. ಟ್ಯಾಕ್ಸಿ, ಸೈಕಲ್ಲು, ಎಡಕ್ಕೆ ತಿರುಗುವ ಕಾರು ಒಂದೊಂದೇ ಕಾಯಿ ನಡೆಸುತ್ತವೆ.

ಬೆಂಗಳೂರಿನಲ್ಲಿ ಕೂತು ಇದನ್ನೋದಿ ನಗುವವರು ಜಯನಗರದ ಸೈಕಲ್ ಪಥವನ್ನು ನೆನಪಿಸಿಕೊಳ್ಳಲಿ. ದಶಕದ ಹಿಂದೆ ಉದ್ದಕ್ಕೂ ಗೆರೆ ಎಳೆದು ಬಳಿದ ಅದರ ಮೇಲೆ ಸೈಕಲ್ಲಿಗಿಂತ ಮೊದಲು ಕಾರುಗಳು ಬಂದು ನಿಂತವು. ನನಗೆ ತಿಳಿದಂತೆ ಬಣ್ಣ ಬಳಿದದ್ದರಿಂದ ನಿಜಕ್ಕೂ ರಸ್ತೆ ಸುಧಾರಿಸಿದ ಉದಾಹರಣೆ ಇರುವುದು ನಮ್ಮಲ್ಲೇ: 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ಗುಂಡಿಯನ್ನು ಕೊಳವಾಗಿಸಿ ಅದರಲ್ಲೊಂದು ಮೊಸಳೆ ಬಿಟ್ಟರು. ಮೊಸಳೆಗೆ ಹೆದರಿ ಪಾಲಿಕೆ ಗುಂಡಿ ಮುಚ್ಚಿತು. ಇನ್ನು ಖರ್ಚೇ ಇಲ್ಲದ ಬಣ್ಣ ಬೇಕೆಂದರೆ ಮುಂಬೈ ಹತ್ತಿರದ ಡೊಂಬಿವಲಿ ಇದೆ. 2020ರ ಫೆಬ್ರವರಿಯಲ್ಲಿ ಕೈಗಾರಿಕಾ ಪ್ರದೇಶದ ರಾಸಾಯನಿಕಗಳ ಕೃಪೆಯಿಂದ ಅಲ್ಲೊಂದು ರಸ್ತೆ ತಾನೇ ಗುಲಾಬಿಯಾಯಿತು. ಟೆಂಡರಿಲ್ಲ, ರಾಳವಿಲ್ಲ, ಮುಹೂರ್ತವಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಒಂದು ದೃಶ್ಯ ಕಣ್ಣ ಮುಂದೆ ಬರುತ್ತದೆ. ನಡೆದದ್ದಲ್ಲ, ಆದರೆ ನಡೆಯದೆ ಇರಲು ಕಾರಣವೂ ಕಾಣದು. ಮೆಲ್ಬರ್ನಿನ ಪಶ್ಚಿಮದ ಒಂದು ಕೌನ್ಸಿಲ್ಲು. ರಾಜ್ಯೋತ್ಸವ ನಡೆಯುವ ಸಭಾಂಗಣದ ಮುಂದಿನ ರಸ್ತೆಗೆ ಕನ್ನಡ ಬಾವುಟದ ಬಣ್ಣ ಹಚ್ಚಬೇಕೆಂದು ಸಂಘದ ಕಾರ್ಯದರ್ಶಿಗಳು ಅರ್ಜಿ ಹಿಡಿದು ಬಂದಿದ್ದಾರೆ.

"ಯಾವ ಬಣ್ಣ, ಮೇಟ್?" ಎಂದ ಇಂಜಿನಿಯರ್.

"ಒಂದು ಕಡೆ ಅರಿಶಿನ, ಇನ್ನೊಂದು ಕಡೆ ಕುಂಕುಮ."

"ಕುಂಕುಮ ಆಗಬಹುದು, ಸ್ವಲ್ಪ ಕಂದಾಗುತ್ತೆ. ಅರಿಶಿನ ಕಷ್ಟ. ಹಳದಿ ಆಕ್ಸೈಡು 180 ಡಿಗ್ರಿ ಹತ್ತಿರ ಬಂದರೆ ಒಳಗಿನ ನೀರು ಕಳಕೊಂಡು ಕೆಂಪಾಗಿಬಿಡುತ್ತೆ. ನಾವು ಕಲಸೋದೇ 150, 160ರಲ್ಲಿ. ಒಂಚೂರು ಹೆಚ್ಚು ಕಾದರೆ ನಿಮ್ಮ ಬಾವುಟ ಪೂರ್ತಿ ಕೆಂಪು."

ಕಾರ್ಯದರ್ಶಿಗಳು ಗಾಬರಿಯಾದರು. "ಬೇಡಪ್ಪಾ ಬೇಡ, ಪಕ್ಷದ ಬಾವುಟ ಅಂದ್ಕೋತಾರೆ. ಈಗಾಗಲೇ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಜಗಳ ನಡೀತಿದೆ."

"ಹಾಗಾದರೆ ಎರಡು ಬೇರೆ ಬೇರೆ ದಿನ ಹಾಕೋಣ. ಎರಡು ಸಲ ಘಟಕ ತೊಳೀಬೇಕು. ಖರ್ಚು ಇಮ್ಮಡಿ."

"ಅದಕ್ಕೇನೂ ತೊಂದರೆಯಿಲ್ಲ ಬಿಡಿ. ಸಂಘಗಳೂ ಎರಡಿವೆ."

ಸುದ್ದಿ ಹಬ್ಬಿದ ಸಂಜೆಯೇ ಎರಡನೇ ಸಂಘದ ಅಧ್ಯಕ್ಷರು ಫೋನು ಮಾಡಿದರು. "ಏನ್ರೀ ಇದು, ಅರಿಶಿನದ ಭಾಗ ನಮಗೆ ಬರಬೇಕು. ಬಾವುಟದಲ್ಲಿ ಮೇಲಿರೋದು ಅದು." "ರಸ್ತೇಲಿ ಮೇಲೆ ಕೆಳಗೆ ಎಲ್ಲಿ ಸಾರ್, ಎಡ ಬಲ ಅಷ್ಟೇ," ಎಂದರು ಕಾರ್ಯದರ್ಶಿಗಳು. "ಹಾಗಾದರೆ ಸಭಾಂಗಣದ ಬಾಗಿಲ ಕಡೆಯದು ನಮಗೆ." ಉಪಸಮಿತಿ ರಚನೆಯಾಯಿತು. ಯಾವ ಹಳದಿ ಎಂಬುದಕ್ಕೆ ಮೂರು ಸಭೆ, ಬಣ್ಣದ ಮೇಲೆ ಚಪ್ಪಲಿ ಹಾಕಿ ನಡೆಯುವುದು ಬಾವುಟಕ್ಕೆ ಅವಮಾನವಲ್ಲವೇ ಎಂಬುದಕ್ಕೆ ಎರಡು ಸಭೆ. ಕಾರು ಓಡಿದರೆ ಅವಮಾನವಿಲ್ಲ, ಕಾಲು ಇಟ್ಟರೆ ಅವಮಾನ ಎಂದು ತೀರ್ಮಾನವಾಗಿ, ಪಾದಚಾರಿಗಳಿಗೆ ಬೇರೆ ದಾರಿ ಕೇಳುವ ಎರಡನೇ ಅರ್ಜಿ ಸಿದ್ಧವಾಯಿತು.

ಕಡೆಯ ಸಭೆಗೆ ಇಂಜಿನಿಯರ್ ಖುದ್ದಾಗಿ ಅಂದಾಜು ಪಟ್ಟಿ ತಂದ. ಬಿಸಿಬೇಳೆಬಾತಿನ ತಟ್ಟೆ ಕೆಳಗಿಟ್ಟು ಎರಡೂ ಸಂಘದವರು ಅದನ್ನು ಓದಿದರು. ಇದರಲ್ಲಿ ಕೌನ್ಸಿಲ್ಲಿನ ಪಾಲೆಷ್ಟು ಎಂದು ಅಧ್ಯಕ್ಷರು ಕೇಳಿದರು. ಕಪ್ಪಾದರೆ ಪೂರ್ತಿ ನಮ್ಮದು, ಬಣ್ಣವಾದರೆ ಪೂರ್ತಿ ನಿಮ್ಮದು ಎಂದ ಅವನು. ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡೂ ಸಂಘಗಳು ಮೊದಲ ಬಾರಿಗೆ ಒಟ್ಟಾಗಿ ಕೈ ಎತ್ತಿ, ಕಪ್ಪು ಬಣ್ಣವೇ ಇರಲಿ ಎಂಬ ಠರಾವನ್ನು ಸರ್ವಾನುಮತದಿಂದ ಅಂಗೀಕರಿಸಿದವು.